ಮಣಿಕಟ್ಟು

ಮೂರು ಕೆಲಸ ಖಾಲಿ ಇವೆ, ಅಂದರು ಮ್ಯಾನೇಜರ್ ಪ್ರಭು,
ಮಾಜಾಳಿಯ ಹೊಸ ಪಾರ್ಕಿನ ಇನ್ನೂ ಬಣ್ಣ ಒಣಗದ ಕೋಣೆಯಲ್ಲಿ.
ಒಂದು, ಒಳಗೆ ಲೆಕ್ಕದ್ದು. ಎಸಿ ಇದೆ, ಕುರ್ಚಿ ತಿರುಗುತ್ತದೆ.
ಒಂದು, ನೀರಿನ ಪಂಪಿನದ್ದು. ಯಾರ ಕಿರಿಕಿರಿಯೂ ಇಲ್ಲ.
ಇನ್ನೊಂದು ಗೇಟಿನದ್ದು: ಬಂದವರ ಕೈಗೆ ಪಟ್ಟಿ ಕಟ್ಟಬೇಕು,
ನಗಬೇಕು, ನಿಂತೇ ಇರಬೇಕು, ಬೈಗುಳ ತಿನ್ನಬೇಕು.
ಸಂಬಳ ಒಂದೂವರೆ ಸಾವಿರ ಕಡಿಮೆ.

ಗೇಟು, ಅಂದೆ.
ಅವರು ಪೆನ್ನು ಕೆಳಗಿಟ್ಟರು.
ಡಿಗ್ರಿ ಓದಿದವಳು, ವಿಚಾರ ಮಾಡು, ಅಂದರು.

ವಿಚಾರ ಮಾಡಿಯೇ ಬಂದಿದ್ದೆ ಸರ್,
ನಾಲ್ಕು ವರ್ಷ, ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ.
ಬೆಳಗಿನ ನಾಲ್ಕಕ್ಕೆ ಬಾಗಿಲು ತೆಗೆದರೆ
ಬಿಳಿ ಗೋಡೆ, ಬಿಳಿ ಹೊಗೆ, ಸಾಲಾಗಿ ನಿಂತ ಬಿಳಿ ಗಡ್ಡೆ.
ಎಣಿಸಿದೆ, ಬರೆದೆ. ಎಣಿಸಿದೆ, ಬರೆದೆ.
ಐಸು ಜಗಳ ಆಡುವುದಿಲ್ಲ.
ಯಾವೂರು ನಿನ್ನದು ಅಂತ ಐಸು ಕೇಳುವುದಿಲ್ಲ.
ಒಂದು ದಿನ ಮನೆಗೆ ಬಂದು 'ಆಯಿ' ಎಂದು ಕರೆದರೆ
ಗಂಟಲು ತುಕ್ಕು ಹಿಡಿದ ಕೊಂಡಿಯ ಹಾಗೆ ಕಿರ್ರೆಂದಿತು;
ಬೆಳಗಿನಿಂದ ಅದೇ ನನ್ನ ಮೊದಲ ಮಾತು.

ಆಯಿಗೆ ಇದು ತಿಳಿಯುವುದು ಹೇಗೆ?
ಮೀನು ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಕೂಗಿ ಕೂಗಿ
ಅವಳ ಪಿಸುಮಾತೂ ನಾಲ್ಕು ಮನೆಗೆ ಕೇಳುತ್ತದೆ.
'ಕೂತು ಮಾಡುವುದು ಬಿಟ್ಟು ನಿಲ್ಲುವುದು ಆರಿಸಿದೆಯಾ?
ತಾರ್ಲೆಯ ತಲೆಯಷ್ಟೂ ಬುದ್ಧಿಯಿಲ್ಲ ನಿನಗೆ.'
ಆ ರಾತ್ರಿ ಎರಡು ಬಂಗಡೆ ಜಾಸ್ತಿ ಹುರಿದಳು, ಸಿಟ್ಟಿಗೆ.

ಈಗ ದಿನಕ್ಕೆ ಎಂಟುನೂರು ಕೈ.
ಹುಬ್ಬಳ್ಳಿಯವರು ಬಸ್ ಇಳಿಯುತ್ತಲೇ
'ಅಕ್ಕಾರ, ಲಗೂನ ಕಟ್ರಿ, ನೀರ ಖಾಲಿ ಆಗತೈತಿ!'
ಕಾಣಕೋಣದವರು ಕೊಂಕಣಿಯಲ್ಲಿ ನನ್ನ ಮನೆತನ ವಿಚಾರಿಸಿ
ಯಾವುದೋ ಮದುವೆಯ ನಂಟು ಹುಡುಕಿ ರಿಯಾಯಿತಿ ಕೇಳುತ್ತಾರೆ.
ಮೆಹಂದಿ ಆರದ ಕೈ, ಗ್ರೀಸು ಹೋಗದ ಕೈ,
ಬಿಸ್ಕೀಟು ಬಿಡಲೊಪ್ಪದ ಮುಷ್ಟಿ,
ವಾಚು ಬಿಚ್ಚಿದಲ್ಲಿ ಬಳೆಯಾಗಿ ಉಳಿದ ಬಿಳಿ ಚರ್ಮ.
ಮಣಿಕಟ್ಟಿನಲ್ಲಿ ನಾಡಿ ಇರುತ್ತದೆಂದು
ಕೆಲಸದ ಆರ್ಡರಿನಲ್ಲಿ ಬರೆದಿರಲಿಲ್ಲ.
ದೊಡ್ಡ ಜಾರುಬಂಡೆ ಕಂಡದ್ದೇ ಕೆಲವರದು
ಬಲೆಯಲ್ಲಿನ ಮೀನಿನಂತೆ ಎಗರುತ್ತದೆ,
'ನಮಗೇನ್ ಹೆದರಿಕೆ' ಅನ್ನುವ ಗಂಡಸರದ್ದೇ ಹೆಚ್ಚು.

ಎಲ್ಲವೂ ನಗೆಯಲ್ಲ.
ಒಬ್ಬಾಕೆ ಮೂಗು ಮುಚ್ಚಿ ಕೈ ಹಿಂದೆಳೆದಳು: 'ಮೀನು ವಾಸನೆ.'
ಪಟ್ಟಿ ಕಸಿದು ತಾನೇ ಕಟ್ಟಿಕೊಳ್ಳಹೋಗಿ
ಒಂದೇ ಕೈಗೆ ಬಾರದೆ ಹಲ್ಲಿನಿಂದ ಎಳೆದಳು.
ಸಾಲು ನಿಂತಿತು. ನಾನೂ ನಿಂತೆ.
ಮುಖದ ಮೇಲೆ ನಗು ಇತ್ತು, ಸಂಬಳದ್ದು.
ಕೊನೆಗೆ ಆಚೆ ನೋಡುತ್ತ ಕೈ ಚಾಚಿದಳು.
ಕಟ್ಟಿದೆ. ತುಸು ಬಿಗಿಯಾಗಿಯೇ. ಸುಳ್ಳು ಹೇಳಲಾರೆ.

ಸಿಬ್ಬಂದಿಯ ಮನೆಯವರಿಗೆ ಪುಕ್ಕಟೆಯಿದ್ದ ಸೋಮವಾರ
ಆಯಿ ಬಂದಳು, ಹೊಸ ಚಪ್ಪಲಿ ಕೈಯಲ್ಲಿ ಹಿಡಿದು.
ಪುಕ್ಕಟೆ ಅಂದರೂ ಕೌಂಟರಿನಲ್ಲಿ ಚೌಕಾಸಿ:
'ಆರುನೂರಾ? ನೀರಿಗೆ? ಸಮುದ್ರ ಅಲ್ಲೇ ಬಿದ್ದಿದೆಯಲ್ಲೋ ಮಗಾ!'
ಹುಬ್ಬಳ್ಳಿ ನಕ್ಕಿತು, ಕಾಣಕೋಣ ನಕ್ಕಿತು,
ಪ್ರಭು ಸಾಹೇಬರು ಕಿಟಕಿಯಲ್ಲಿ ಇಣುಕಿದರು.

ಆಮೇಲೆ ನನ್ನ ಮುಂದೆ ಕೈ ಚಾಚಿದಳು.
ಅನ್ನ ಬಡಿಸಿದ ಕೈ, ಬೆನ್ನಿಗೆ ಬಡಿದ ಕೈ;
ನಾನಾಗಿ ಹಿಡಿದು ನೋಡಿರಲಿಲ್ಲ ಎಂದೂ.
ಮೆಟ್ಟುಗತ್ತಿಯ ಗೆರೆಗಳು ಉಪ್ಪು ಕುಡಿದು ಬೆಳ್ಳಗಾಗಿದ್ದವು.
ಬೆರಳಡಿ ನಾಡಿ ಎಗರಿತು.
'ಹೆದರಿಕೆಯಾ ಆಯಿ?'
'ಹುಚ್ಚಿ,' ಅಂದಳು.

ಯಾವ ಆಟಕ್ಕೂ ಹೋಗಲಿಲ್ಲ.
ನಾನು ಎಂದೂ ಕೂರದ ನನ್ನ ಸ್ಟೂಲಿನ ಮೇಲೆ ಕೂತು
ಸಂಜೆಯವರೆಗೆ ಬಂದವರನ್ನು ಕರೆದಳು:
'ಬನ್ನಿ ಬನ್ನಿ, ನೀರು ಇವತ್ತಿನದೇ, ತಾಜಾ!'
ಎಂಟುನೂರು ಕೈ ಕಟ್ಟುವ ಹೊತ್ತಿಗೆ
ನನಗಿಂತ ಹೆಚ್ಚು ಜನರ ಹೆಸರು ಅವಳಿಗೆ ಬರುತ್ತಿತ್ತು.

ಎಂಟು ದಿನವಾಯಿತು. ಮಾರ್ಕೆಟ್ಟಿನಲ್ಲಿ ತಕ್ಕಡಿ ಎತ್ತುವಾಗ
ಅವಳ ಕೈಯಲ್ಲಿ ಆ ನೀಲಿ ಪಟ್ಟಿ, ಮೇಲೆ ನಾಲ್ಕು ಮೀನಿನ ಪೊರೆ.
ಕತ್ತರಿ ತಂದುಕೊಟ್ಟೆ.
'ಇರಲಿ ಬಿಡೇ,' ಅಂದಳು,
'ಆರುನೂರು ರೂಪಾಯಿಯದು.'